ಪಟ್ಟಿಯಲ್ಲಿ ಇಲ್ಲದ ಫೈಲು

ನನಗೆ ಕೆಲಸ ಕಲಿಸಿದ ರಹಮತ್ ಸರ್,

ಹಿರಿಯೂರಿನಾಚೆಯ ಆ ಪ್ರಯೋಗಾಲಯಕ್ಕೆ ನಾನು ಸೇರಿದ ಮೊದಲ ದಿನ ನೆನಪಿದೆಯಾ? ಗೇಟಿನಲ್ಲೇ ಫೋನ್ ಕೊಟ್ಟು ಒಳಗೆ ಬಂದೆ. ಆರು ಸರ್ವರ್ ಸೇರಿ ಒಂದಾಗಿ ದುಡಿಯುವ ಕ್ಲಸ್ಟರ್, ಇಂಟರ್‌ನೆಟ್ ಮಾತ್ರ ಇಲ್ಲ. ಮತ್ತೆ ಸಾಫ್ಟ್‌ವೇರ್ ಹಾಕೋದು ಹೇಗೆ ಅಂತ ಕೇಳಿದೆ. ಸಾಫ್ಟ್‌ವೇರನ್ನು ಕಟ್ಟಿಟ್ಟಿರುವ ಕಂಟೇನರ್ ಫೈಲುಗಳನ್ನೆಲ್ಲ ಹೊರಗೇ ಇಳಿಸಿಕೊಂಡು, ಡಿಸ್ಕಿಗೆ ತುಂಬಿ, ಗೇಟಿನಲ್ಲಿ ಪರೀಕ್ಷೆ ಮಾಡಿಸಿ ತರಬೇಕು ಅಂದಿರಿ. "ಒಳಗೆ ಅಂಗಡಿ ಇಲ್ಲಮ್ಮ. ಉಪ್ಪು ಮರೆತು ಬಂದ್ರೆ ಸಪ್ಪೆ ಉಣ್ಣಬೇಕು."

ಆಮೇಲೆ, ಮೇಲಧಿಕಾರಿಗಳು ನೋಡಲು ಬರುವ ಆ ವಾರ. ಮ್ಯಾನೇಜರ್ ಕೊಟ್ಟ ಪಟ್ಟಿಯಲ್ಲಿ ಒಂದು ಸಣ್ಣ ಫೈಲು ಬಿಟ್ಟುಹೋಗಿದೆ ಅಂತ ನೀವು ಅವರ ಮೇಜಿನ ಮುಂದೆ ನಿಂತು ಹೇಳಿದಿರಿ. ನಾನು ಪಕ್ಕದಲ್ಲೇ ಇದ್ದೆ. ಪಟ್ಟಿಗೆ ಸಹಿ ಆಗಿದೆ, ಇನ್ನೊಂದು ಅನುಮತಿಗೆ ಟೈಮಿಲ್ಲ, ಇರೋದನ್ನು ತನ್ನಿ ಅಂದರು. ಅಧಿಕಾರಿಗಳೆದುರು ಸಾಫ್ಟ್‌ವೇರ್ ಅರ್ಧಕ್ಕೇ ನಿಂತಿತು. ಆ ಒಂದು ಫೈಲಿಗಾಗಿ, ಇಲ್ಲದ ಇಂಟರ್‌ನೆಟ್ಟನ್ನು ಸರ್ವರ್ ಮತ್ತೆ ಮತ್ತೆ ಹುಡುಕುತ್ತಿತ್ತು. ರಹಮತ್ ತರೋದು ಮರೆತಿದ್ದಾರೆ ಅಂದರು ಮ್ಯಾನೇಜರ್. ನೀವು ನನ್ನ ಕಡೆ ತಿರುಗಿದಿರಿ. "ನೀನೂ ಅಲ್ಲೇ ಇದ್ದೆಯಲ್ಲಮ್ಮ, ಹೇಳು."

"ನನಗೆ ನೆನಪಿಲ್ಲ ಸರ್" ಅಂದೆ. ಆ ತಿಂಗಳು ನನ್ನ ಕೆಲಸ ಖಾಯಂ ಆಗೋದಿತ್ತು, ಅದಕ್ಕೇ... ಬೇರೆ ಕಾರಣ ಏನಿದ್ದೀತು?

ನಿಮ್ಮ ಗುತ್ತಿಗೆ ಮುಗಿಸಿದರು. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀವು ಬೈದಿದ್ದರೆ ಸಾಕಿತ್ತು. ಕೇಳಿದ್ದು ಬೇರೆ: "ನಾನು ಅವತ್ತು ನಿಜವಾಗ್ಲೂ ಹೇಳಿದ್ನೇನಮ್ಮ?" ಹೊಳಲ್ಕೆರೆ ಬಸ್ಸು ಬಂತು. ಹತ್ತಿಬಿಟ್ಟೆ.

ಮಳೆಗಾಲ ಮುಗಿಯೋದರೊಳಗೆ ನೀವು ಎದೆನೋವಿನಿಂದ ಹೋದ ಸುದ್ದಿ ಬಂತು. ಮಣ್ಣಿಗೂ ಬರಲಿಲ್ಲ ನಾನು. ಯಾವ ಮುಖ ಹೊತ್ತು ಬರಲಿ?

ಕಳೆದ ಸೋಮವಾರ ಅದೇ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದೆ. ಪಟ್ಟಿ ನನ್ನದೇ. ಊಟದ ಹೊತ್ತಿಗೆ ಎಲ್ಲ ಓಡುತ್ತಿತ್ತು. ಆ ಮ್ಯಾನೇಜರ್ ಈಗ ಇಡೀ ವಿಭಾಗಕ್ಕೇ ಮುಖ್ಯಸ್ಥರು. ಎಲ್ಲರೆದುರು ನನ್ನನ್ನು ಹೊಗಳುತ್ತಾ, "ರಹಮತ್ ಮರೆತಂಗೆ ನೀನು ಮರೀಲಿಲ್ಲ ನೋಡು" ಅಂದರು. "ಅವರು ಮರೆತಿರಲಿಲ್ಲ ಸರ್, ನಿಮಗೆ ಹೇಳಿದ್ದರು, ನಾನೇ ಕೇಳಿಸಿಕೊಂಡಿದ್ದೆ" ಅಂದೆ. ಅದನ್ನೇ ಬರೆದು ಸಹಿ ಹಾಕಿ ಕೊಟ್ಟೆ. ಮಾರನೇ ದಿನವೇ ನನ್ನನ್ನು ಸರ್ವರ್ ಕೋಣೆಯಿಂದ ಸ್ಟೋರಿಗೆ ಹಾಕಿದರು.

ನಿನ್ನೆ ಆ ಕಾಗದದ ಪ್ರತಿ ಹಿಡಿದು ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ಮನೆಯವರು ಬಾಗಿಲಲ್ಲೇ ನಿಂತು ಪೂರ್ತಿ ಓದಿದರು. ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು.

"ಇದನ್ನ ಅವ್ರಿಗೆ ಹೇಳ್ಬೇಕಿತ್ತಮ್ಮ," ಅಂದರು. "ನನಗೆ ಗೊತ್ತೇ ಐತೆ."

ಸುಜಾತ