ಹವಳವನ್ನು ಜೆಟ್ಟಿಗೆ ಎತ್ತಿಸಬೇಡಿ

ಸಾಗರ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬರುವ ಬುಧವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಹವಳದ ಚೌಕಟ್ಟುಗಳನ್ನೆಲ್ಲ ನೀರಿನಿಂದ ಎತ್ತಿ, ಪರಿಶೀಲನೆಗಾಗಿ ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಸಾಲಾಗಿ ಇಡಬೇಕೆಂದು ನಿಮ್ಮ ಆದೇಶ ಬಂದಿದೆ. ಇಡುವುದಿಲ್ಲ. ಇದನ್ನೇ ಮೂರು ಪತ್ರಗಳಲ್ಲಿ ವಿನಯದಿಂದ ಬರೆದೆ. ಅವು ನಿಮ್ಮ ಕಡತಗಳಲ್ಲಿ ಸುಖನಿದ್ರೆಯಲ್ಲಿರಬಹುದು. ಎಬ್ಬಿಸುವ ಶಕ್ತಿ ನನಗಿಲ್ಲ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ನಿಂತಿರುವುದು ಹವಳದ ದಿಬ್ಬದ ಮರೆಯಲ್ಲಿ. ದೊಡ್ಡ ಅಲೆ ಅಲ್ಲಿ ಒಡೆದು, ನಮ್ಮ ಹೊಸ್ತಿಲ ಹತ್ತಿರ ಬರುವಾಗ ಸಾಧುವಾಗಿರುತ್ತದೆ. ಸಮುದ್ರದ ನೀರು ಕಾದ ವರ್ಷ ಆ ದಿಬ್ಬ ಬಿಳುಚಿಕೊಂಡು ಅರ್ಧ ಸತ್ತಿತು. ಉಳಿದ ಹವಳದ ಮುರಿದ ತುಣುಕುಗಳನ್ನು ನನ್ನ ಸೊಸೆ ಮುಳುಗಿ ಆರಿಸಿ ತಂದು, ದಿಬ್ಬ ಮತ್ತೆ ಬೆಳೆಯಲೆಂದು ನೀವೇ ಕೊಟ್ಟ ಕಬ್ಬಿಣದ ಚೌಕಟ್ಟುಗಳಿಗೆ ಒಂದೊಂದಾಗಿ ಕಟ್ಟಿದಳು. ವರ್ಷಕ್ಕೆ ಬೆರಳಗಲ ಬೆಳೆಯುವ ಜೀವ ಅದು. ನಿಮ್ಮ ಕಚೇರಿಯ ಕೆಲಸಕ್ಕಿಂತ ಚುರುಕು ಎಂದೇ ಹೇಳಬೇಕು.

ಕಳೆದ ಸಲ ನಿಮ್ಮ ಆದೇಶದಂತೆ ಹನ್ನೆರಡು ಚೌಕಟ್ಟು ಎತ್ತಿದೆವು. ನೀವು ಬಂದದ್ದು ಎರಡು ಗಂಟೆ ತಡವಾಗಿ. ಬಿಸಿಲು ಸುಡುತ್ತಿತ್ತು. ಸೊಸೆ ಬಕೆಟ್ಟಿನಿಂದ ನೀರು ಹೊಯ್ಯಲು ಹೋದರೆ, ಫೋಟೋದಲ್ಲಿ ಜೆಟ್ಟಿ ಒದ್ದೆಯಾಗಿ ಕಾಣುತ್ತದೆಂದು ನಿಮ್ಮ ಸಹಾಯಕರು ತಡೆದರು.

"ಸಾರ್, ಅದಕ್ಕೆ ಜೀವ ಇದೆ. ಒಣಗಿದ್ರೆ ಸತ್ತೋಗುತ್ತೆ" ಎಂದಳು.

"ಕಲ್ಲು ಒಣಗಿದ್ರೆ ಏನಾಗುತ್ತಮ್ಮಾ? ಬಿಸಿಲಲ್ಲಿ ನಮ್ಮ ಸಾಹೇಬ್ರು ಬೆವರ್ತಾರೆ, ಅದನ್ನ ಯೋಚನೆ ಮಾಡು" ಎಂದರು ನಿಮ್ಮ ಸಹಾಯಕರು.

ಆಗ ಅವಳ ಕೈ ಹಿಡಿದು ಹಿಂದಕ್ಕೆಳೆದವಳು ನಾನು. ಅಧಿಕಾರಿಗಳೆದುರು ಮನೆಯ ಹೆಣ್ಣು ಬಾಯಿ ಮಾಡಬಾರದೆಂದು ಗದರಿದೆ. ನಲವತ್ತು ವರ್ಷಗಳಿಂದ ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ, ಅಂದೂ ಇರಲಿಲ್ಲ. ವಾರದೊಳಗೆ ಹನ್ನೆರಡು ಚೌಕಟ್ಟಿನ ಹವಳವೂ ಸುಣ್ಣದಂತೆ ಬೆಳ್ಳಗಾಗಿ ಸತ್ತಿತು. ಫೋಟೋ ಮಾತ್ರ ಚೆನ್ನಾಗಿ ಬಂದಿದೆ. ಸೊಸೆ ನನ್ನನ್ನು ದೂರಲಿಲ್ಲ. "ನೀವು ಸುಮ್ನಿರು ಅಂದ್ರಿ, ಸುಮ್ನಾದೆ ಅತ್ತೆ" ಎಂದಳು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಉಳಿದಿರುವುದು ಒಂಬತ್ತು. ಮೀನನ್ನು ದಡಕ್ಕೆ ಹಾಕಿ ಆರೋಗ್ಯ ವಿಚಾರಿಸುವ ಪದ್ಧತಿಯನ್ನು ಎಲ್ಲಿ ಕಲಿಸುತ್ತಾರೋ, ಹೈಸ್ಕೂಲು ಮಾತ್ರ ಓದಿದ ನನಗೆ ಗೊತ್ತಿಲ್ಲ. ಸಮುದ್ರದ ಇಳಿತದ ಹೊತ್ತಿನಲ್ಲಿ ಚೌಕಟ್ಟುಗಳ ಹತ್ತಿರ ಇರುವುದು ಎದೆಮಟ್ಟದ ನೀರು. ಆದೇಶ ಹಿಂದಕ್ಕೆ ಪಡೆಯಿರಿ. ಬುಧವಾರ ನೀವೇ ನೀರಿಗಿಳಿದು ನೋಡಿ. ಈಜು ಬರದಿದ್ದರೂ ಸಂಕೋಚ ಬೇಡ, ಸೊಸೆ ಕೈ ಹಿಡಿದು ಕರೆದೊಯ್ಯುತ್ತಾಳೆ. ದಾರಿಯಲ್ಲಿ ಅವಳು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ಈ ಸಲ ನಾನು ತಡೆಯುವುದಿಲ್ಲ.

ಇಂತಿ,
ಸಲ್ಲದವರಿಗೆ ಮರ್ಯಾದೆ ಕೊಟ್ಟು ಹನ್ನೆರಡು ಚೌಕಟ್ಟು ಹವಳ ಕೊಂದ ಅತ್ತೆ