ಉಪ್ಪುಬಾಗಿಲನ್ನು ಮುಂದೆ ಕಾಯುವವರಿಗೆ

ಎರಡನೇ ಕರಾವಳಿ,
ಮಾರ್ಚ್ ೯, ೨೧೮೭

ನಾನು ಸುಗಂಧಿನಿ ವಾಮನ ಶೆಟ್ಟಿಗಾರ್. ಮೂವತ್ತೆಂಟು ವರ್ಷ ನಾಲ್ಕು ತಿಂಗಳು ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿಮ್ಮ ಕಾಲಕ್ಕೆ ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಆದರೆ ದಯವಿಟ್ಟು ತಿದ್ದಬೇಡಿ.

ಸಮುದ್ರ ಒಳನುಗ್ಗಿ ನಿಂತ ಈ ಹೊಸ ದಡವನ್ನು ನಾವು ಎರಡನೇ ಕರಾವಳಿ ಎನ್ನುತ್ತೇವೆ. ಉಬ್ಬರದ ನೀರು ಕುಡಿಯುವ ಕೆರೆಗೆ ಬಾರದಂತೆ ತಡೆಯುವ ಕಬ್ಬಿಣದ ಹಲಗೆಯೇ ಉಪ್ಪುಬಾಗಿಲು. ಅದನ್ನು ಏರಿಸಿ ಇಳಿಸುವುದು ಉಗುರಿನಷ್ಟಿರುವ ಒಂದು ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಕೆಲಸದ ಪುಟ್ಟ ಗಣಕ. ನಿವೃತ್ತಿಯ ನಂತರ ಬಾಗಿಲಿನ ಹೊಣೆಯೊಂದಿಗೆ ಅದರ ಕೋಡ್ ನನ್ನ ಕೈಗೆ ಬಂದಾಗ ಒಂಬತ್ತು ಸಾವಿರ ಸಾಲು ಒಂದೇ ಕಡತದಲ್ಲಿತ್ತು. ನಾನು ಅರುವತ್ತೆರಡು ಕಡತಗಳಾಗಿ ಒಡೆದು, ಹಾಜರಿ ಪುಸ್ತಕದಂತೆ ಅಕಾರಾದಿಯಲ್ಲಿ ಜೋಡಿಸಿದೆ. ನೋಡಲು ಬಹಳ ಅಂದವಾಗಿತ್ತು.

ಕಳೆದ ಆಷಾಢದ ಉಬ್ಬರದಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೆಟ್ಟು, ಬಾಗಿಲು ತೆರೆದೇ ಉಳಿಯಿತು. ಸೆನ್ಸರನ್ನು ಲೆಕ್ಕಿಸದೆ ಬಾಗಿಲು ಇಳಿಯುವಂತೆ ಒಂದು ಸಾಲು ಬದಲಿಸಿದರೆ ಸಾಕಿತ್ತು. ನಾನು ಜ್ವರದಿಂದ ಪ್ರಜ್ಞೆಯಿಲ್ಲದೆ ಮಲಗಿದ್ದೆ. ಬಾಗಿಲು ಕಾಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಜಲಜಾಕ್ಷಿ ಒಬ್ಬಳೇ ಹುಡುಕಿದಳು. ಸೆನ್ಸರಿನ ಕೋಡ್ 'ಅಳತೆ' ಎಂಬ ಕಡತದಲ್ಲಿ, ಅದರ ತಂತಿಯ ಸಂಖ್ಯೆ 'ಪಿನ್'ನಲ್ಲಿ, ಮೋಟಾರು 'ಹಲಗೆ'ಯಲ್ಲಿ. ಒಟ್ಟಿಗೆ ದುಡಿಯುವ ಮೂರನ್ನು ನಾನು ಮೂರು ಮೂಲೆಗಳಲ್ಲಿ ಕೂರಿಸಿದ್ದೆ. ನಲವತ್ತು ನಿಮಿಷ ಹೋಯಿತು. ಕೆರೆ ಉಪ್ಪಾಯಿತು.

ಜ್ವರ ಇಳಿದ ದಿನ ಅವಳು ಬಂದು ಕೇಳಿದಳು: "ಎಂತ ಟೀಚರ್, ಬಾಗಿಲು ಹಾಕ್ಲಿಕ್ಕೆ ಮೊದಲು ಅಕ್ಷರಮಾಲೆ ಬಾಯಿಪಾಠ ಒಪ್ಪಿಸ್ಬೇಕಾ?" ತಪ್ಪು ಅವಳ ಕಲಿಕೆಯದೆಂದೆ. ಕುಡಿಯುವ ನೀರಿಲ್ಲದೆ ಅವಳು ಊರಿನ ಹದಿನೇಳೂ ಮನೆಯವರೊಂದಿಗೆ ಘಟ್ಟ ಹತ್ತಿ ಹೋದಳು. ಮಳೆನೀರು ಹಿಡಿದು ಕುಡಿಯುತ್ತ ನಾನು ಉಳಿದೆ.

ಈ ಎಂಟು ತಿಂಗಳಲ್ಲಿ ಕೋಡನ್ನು ಮತ್ತೆ ಜೋಡಿಸಿದ್ದೇನೆ. ಬಾಗಿಲಿನದ್ದೆಲ್ಲ ಒಂದು ಕಡತದಲ್ಲಿದೆ, ಸೆನ್ಸರಿನದ್ದು ಅದರ ಪಕ್ಕದಲ್ಲಿ. ಪಿನ್ ಸಂಖ್ಯೆಗಳು ತಮ್ಮದೇ ಒಂದು ಪುಟ ಬಿಟ್ಟು ಬೇರೆಲ್ಲೂ ಇಲ್ಲ. ಮುಖ್ಯ ಕಡತಕ್ಕೆ ಮೂವತ್ತೇ ಸಾಲು; ಯಾವ ಕೆಲಸಕ್ಕೆ ಎಲ್ಲಿ ಹೋಗಬೇಕೆಂದು ಅದು ಹೇಳುತ್ತದೆ. ಆದರೆ ಬರೆದವಳಿಗೆ ತನ್ನ ಬರಹದಲ್ಲಿ ದಾರಿ ತಪ್ಪುವುದಿಲ್ಲ. ಪರೀಕ್ಷಿಸಲು ಇನ್ನೊಬ್ಬರು ಬೇಕು, ಇಲ್ಲಿ ಇನ್ನೊಬ್ಬರಿಲ್ಲ.

ಕೆರೆ ಎರಡು ಮಳೆಗಾಲದಲ್ಲಿ ಸಿಹಿಯಾದೀತು, ಆಗ ಯಾರಾದರೂ ಬಂದೀರಿ. ಬಂದ ದಿನವೇ, ನಾನಿದ್ದರೂ ನನ್ನನ್ನು ಕೇಳದೆ, ಬಾಗಿಲು ಇಳಿಸುವ ಸಾಲನ್ನು ಹುಡುಕಿರಿ. ಹಿಡಿದ ನಿಮಿಷಗಳನ್ನು ಹಾಳೆಯಲ್ಲಿ ಬರೆಯಿರಿ. ಐದನ್ನು ಮೀರಿದರೆ ತಪ್ಪು ನನ್ನದು.

ಲಗತ್ತುಗಳು:
ಕೋಡಿನ ಮುದ್ರಿತ ಪ್ರತಿ, ಮುಖ್ಯ ಕಡತ ಮೇಲಿಟ್ಟು.
ಪಿನ್ ಸಂಖ್ಯೆಗಳ ಪುಟ, ಎರಡು ಪ್ರತಿ.
ನಿಮಿಷ ಬರೆಯುವ ಹಾಳೆ, ಖಾಲಿ.
ಜಲಜಾಕ್ಷಿಗೆ ಕ್ಷಮೆ ಕೇಳಿದ ಪತ್ರ, ಒಂದು. ವಿಳಾಸ ನನಗೆ ತಿಳಿಯದು.