ಸಿಹಿ ಬಂದ ಸಾರಾಯಿ

ಅಪ್ಪಾ,

ಕಾಗದ ಓದಿ ಹೇಳುವವರು ಅಲ್ಲಿ ಯಾರಾದರೂ ಸಿಕ್ಕಿದ್ದಾರಾ? ಸಿಕ್ಕಿದ್ದರೆ ನಿಧಾನವಾಗಿ ಓದಿಸಿಕೋ. ಹಾಳಾದ್ದು, ಅರ್ಧಕ್ಕೆ ಎದ್ದು ಹೋಗುವ ನಿನ್ನ ಚಾಳಿ ಬೇಡ.

ಹನೂರಿನ ಹೊಲದ ಬೇಲಿಯಲ್ಲಿ ನೀನು ಕತ್ತಾಳೆ ಅಗೆಯುತ್ತಿದ್ದುದು ನೆನಪಾಗುತ್ತದೆ. ಉಳಿದವರೆಲ್ಲ ಬೆಲ್ಲದ ಕೊಳೆ ಹಾಕಿ ಸಾರಾಯಿ ಕಾಸಿದರೆ ನಿನಗೆ ಕತ್ತಾಳೆಯದೇ ಹಠ. ಮುಳ್ಳಿನೆಲೆ ಸವರಿ, ಗೆಡ್ಡೆಯನ್ನು ಗುಂಡಿಯಲ್ಲಿ ಸುಟ್ಟು ಜಜ್ಜುತ್ತಿದ್ದೆ. ಸುಟ್ಟರೆ ಸಿಹಿ ಯಾಕಾಗುತ್ತದೆ ಎಂದು ನೀನೇ ಒಮ್ಮೆ ನನ್ನನ್ನು ಕೇಳಿದೆ. ಒಳಗಿನ ಹಿಟ್ಟಿನಂಥದ್ದು ಬಿಸಿಗೆ ಒಡೆದು ಸಕ್ಕರೆಯಾಗುತ್ತದೆ, ಯೀಸ್ಟ್ ಅದನ್ನು ತಿಂದು ಮದ್ಯಸಾರ ಮಾಡುತ್ತದೆ ಎಂದು ನಾನು ವಿವರಿಸಿದೆ. "ಇಷ್ಟ್ ಏಳಕ್ಕಾ ನಿನ್ನ ಕಾಲೇಜ್ಗೆ ಕಳ್ಸಿದ್ದು?" ಎಂದು ನೀನು ನಕ್ಕೆ. ಈಗ ಕೊಳ್ಳೇಗಾಲದಲ್ಲಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳುವಾಗಲೂ ಆ ನಗು ಕೇಳಿಸುತ್ತದೆ.

ತಮ್ಮ ಮಾದೇವ ಕುಂತೂರಿನಿಂದ ಕಬ್ಬಿನ ಟ್ರ್ಯಾಕ್ಟರಿನ ಹಳೇ ರೇಡಿಯೇಟರ್ ಹೊತ್ತು ತಂದ ದಿನ ನಿನಗೆಷ್ಟು ಹೆಮ್ಮೆ! ಗಡಿಗೆಯ ಮೇಲಿನ ತಣ್ಣೀರು ಬದಲಿಸಿ ಬದಲಿಸಿ ನಿನ್ನ ಸೊಂಟ ಬಿದ್ದುಹೋಗಿತ್ತು. "ಇನ್ಮ್ಯಾಕೆ ನೀರ್ ಒರಂಗಿಲ್ಲ ಕಣಪ್ಪ, ಆವಿ ಇದ್ರೊಳ್ಗೇ ತಣ್ಣಗಾಯ್ತದೆ" ಎಂದಿದ್ದ. ಮೊದಲ ಲೋಟ ನೀನೇ ಕುಡಿದು, "ಸಿಹಿ ಬಂದದೆ ಕಣ್ಲಾ!" ಎಂದು ಕೇರಿಗೆಲ್ಲ ಸಾರಿದೆ.

ನಿನ್ನ ಕೊನೆಯ ತಿಂಗಳುಗಳನ್ನು ನೆನೆಯಲು ಭಯ. ಹೊಟ್ಟೆ ಹಿಡಿದು ಹೊರಳುತ್ತಿದ್ದೆ. ಕೈ ಮಣಿಕಟ್ಟಿನಿಂದ ಜೋತುಬಿದ್ದು ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ವಯಸ್ಸಾಯಿತು ಎಂದರು ಎಲ್ಲರೂ.

ಯುಗಾದಿಯಂದು ಮಾದೇವನ ಕೈಯಿಂದ ಚೊಂಬು ಜಾರಿತು. ನಿನ್ನ ಹಾಗೆಯೇ ಮಣಿಕಟ್ಟು ಜೋತುಬಿದ್ದಿತ್ತು. ನೀನು ಹೋದ ಮೇಲೂ ಅವನು ಅದೇ ರೇಡಿಯೇಟರಿನಲ್ಲಿ ಕಾಸಿ ಕುಡಿಯುತ್ತಿದ್ದ ಸಾರಾಯಿಯ ಒಂದು ಬಾಟಲಿಯನ್ನು ಮೈಸೂರಿನ ಲ್ಯಾಬಿಗೆ ಕಳಿಸಿದೆ. ಸೀಸವಿತ್ತು. ರೇಡಿಯೇಟರಿನ ಬೆಸುಗೆಯಲ್ಲಿ ಸೀಸ ಇರುತ್ತದಪ್ಪ; ಆವಿಯ ಜೊತೆ ಏರುವ ಹುಳಿ ಅದನ್ನು ಕರಗಿಸಿಕೊಂಡು ಬರುತ್ತದೆ. ಹುಳಿಗೆ ಸೇರಿದ ಸೀಸಕ್ಕೆ ಸಿಹಿ ರುಚಿ. ನೀನು ಹೊಗಳಿದ್ದು ಅದನ್ನೋ, ಕತ್ತಾಳೆಯನ್ನೋ...

"ಎಸ್ದ್ಬುಡ್ಲಾ ಅದ್ನ, ವಿಷ" ಎಂದು ಮಾದೇವನಿಗೆ ಹೇಳಿದೆ.

"ಅಪ್ಪ ಕೊನೆಗಂಟ ಇದ್ನೇ ಕುಡುದ್ನಲ್ಲಕ್ಕ, ಅವ್ನಿಗೇನಾಯ್ತು? ವಯ್ಸಾಗಿ ಓದ."

ಏನು ಹೇಳಲಿ? ಸುಮ್ಮನಿದ್ದರೆ ಅವನು ಕುಡಿಯುತ್ತಾನೆ. ಹೇಳಿದರೆ... ನಿನ್ನ ಸೊಂಟನೋವು ನೋಡಲಾರದೆ ಅದನ್ನು ಹೊತ್ತು ತಂದವನಪ್ಪ ಅವನು. ನಿನ್ನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದರೂ ಕಣ್ಣಾರೆ ಕಂಡವಳ ಹಾಗೆ ಹೇಳಿಬಿಟ್ಟೆ: "ಅಪ್ಪನ್ ಕೈ ಬಿದ್ದದ್ದೂ, ಅಪ್ಪ ಸತ್ತದ್ದೂ ಇದ್ರಿಂದ್ಲೇ ಕಣ್ಲಾ."

ಅವನು ತನ್ನ ಕೈ ನೋಡಿಕೊಂಡ. "ನಾನೇ ಕುಡುಸ್ದೆ ಅನ್ನು" ಎಂದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ನಾನು ಹೇಳಿದ್ದು ತಪ್ಪಾ ಅಪ್ಪ?

ಬಟ್ಟಿ ನಿಂತಿದೆ. ಆಸ್ಪತ್ರೆಯ ಔಷಧಿಗೆ ಅವನ ಬೆರಳುಗಳು ಮೆಲ್ಲಗೆ ಆಡತೊಡಗಿವೆ. ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ ಇದೆ. ಈ ಸಲ ಹಿರಿಯರ ಹಬ್ಬದಲ್ಲಿ ನಿನ್ನ ಎಡೆಗೆ ಸಾರಾಯಿ ಇಡಲಿಲ್ಲ. ಮಾದೇವ ಒಂದು ಲೋಟ ನೀರು ತಂದ. ಎಲ್ಲರೆದುರೇ ಮೊದಲು ತಾನೊಂದು ಗುಟುಕು ಕುಡಿದು, ತನಗೇನೂ ಆಗುವುದಿಲ್ಲವೆಂದು ಕಾದು ನೋಡಿ, ಆಮೇಲೆ ಲೋಟವನ್ನು ನಿನ್ನ ಮುಂದಿಟ್ಟ. "ಸತ್ತೋರ್ಗೆ ಎಂಜ್ಲು ಮಡುಗ್ತಾರೇನ್ಲಾ?" ಎಂದು ನಿನ್ನ ತಂಗಿ ಬೈದಳು. ಅವನು ಲೋಟವನ್ನು ನಿನ್ನ ಎಡೆಯ ಹತ್ತಿರಕ್ಕೆ ಇನ್ನಷ್ಟು ಸರಿಸಿದ.

ಎಂಜಲೆಂದು ಬಿಡಬೇಡ ಅಪ್ಪ. ಕುಡಿ.

ನಿನ್ನ ಮಗಳು